ಮಂಗಳೂರಿಗೆ ಬಂದಿದ್ದ ಬೇಟೆಗಾರ ಹಡಗು

1798ರ ಏಪ್ರಿಲ್ ಕೊನೆಗೆ ಮಂಗಳೂರಿಗೆ ಫ್ರೆಂಚರ ಯುದ್ಧನೌಕೆಯೊಂದು ಬಂತು. ಹೆಸರು ಪ್ರೆನ್ಯೂಸ್. ಕಪ್ತಾನ ಲೆರ್ಮಿತ್, ಆಗಿನ್ನೂ ಮೂವತ್ತೆರಡರ ಆಸುಪಾಸಿನ ನಾರ್ಮಂಡಿಯವನು. ಹಡಗಿನಲ್ಲಿ ಟಿಪ್ಪು ಸುಲ್ತಾನನ ಇಬ್ಬರು ರಾಯಭಾರಿಗಳಿದ್ದರು. ಅವರ ಜೊತೆ ಸುಮಾರು ನೂರು ಜನ ಫ್ರೆಂಚ್ ಸ್ವಯಂಸೇವಕರು. ಇಂಗ್ಲಿಷರ ವಿರುದ್ಧ ದೊಡ್ಡ ಸೈನ್ಯ ಸಿಗುತ್ತದೆ ಎಂದು ಕಾದಿದ್ದ ಟಿಪ್ಪುವಿಗೆ ಸಿಕ್ಕಿದ್ದು ಇಷ್ಟೇ.

ದಾರಿಯಲ್ಲಿ ಪ್ರೆನ್ಯೂಸ್ ತನ್ನ ನಿಜವಾದ ಕಸುಬನ್ನೂ ಮಾಡಿಕೊಂಡು ಬಂದಿತ್ತು. ತಲಶ್ಶೇರಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಎರಡು ವ್ಯಾಪಾರಿ ಹಡಗುಗಳನ್ನು, ವುಡ್‌ಕಾಟ್ ಮತ್ತು ರೇಮಂಡ್, ಹೊಡೆದು ಹಿಡಿದಿತ್ತು. ಅದರ ಕಸುಬೇ ಅದು: ಶತ್ರುವಿನ ವ್ಯಾಪಾರವನ್ನು ಬೇಟೆಯಾಡುವುದು.

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಈ ಹಡಗಿಗೆ ಹೆಚ್ಚೆಂದರೆ ಒಂದು ಸಾಲು ಸಿಗುತ್ತದೆ. ನನಗೆ ಇದರ ಕಥೆ ಇಷ್ಟ. ಹಾಯಿ ಹಡಗಿನ ಕಾಲದಲ್ಲಿ ಬೇಟೆಗಾರ ನೌಕೆಯೊಂದು ಹೇಗೆ ಬದುಕುತ್ತಿತ್ತು, ಹೇಗೆ ಸಾಯುತ್ತಿತ್ತು ಎಂಬುದನ್ನು ಇದು ಚೆನ್ನಾಗಿ ತೋರಿಸುತ್ತದೆ. ಶತ್ರುವಿನ ಫಿರಂಗಿಗಿಂತ ಸವಕಳಿಯೇ ಅದನ್ನು ಜಾಸ್ತಿ ತಿನ್ನುತ್ತಿತ್ತು.

ಪ್ರೆನ್ಯೂಸ್ ಒಂದು ಫ್ರಿಗೇಟ್. ಅಂದರೆ ಮುಖ್ಯ ಫಿರಂಗಿಗಳೆಲ್ಲ ಒಂದೇ ಅಂತಸ್ತಿನಲ್ಲಿ ಸಾಲಾಗಿರುವ ಯುದ್ಧನೌಕೆ. ಎರಡು ಮೂರು ಅಂತಸ್ತಿನ ದೊಡ್ಡ ನೌಕೆಗಳ ಎದುರು ನಿಂತರೆ ಇದು ಉಳಿಯುವುದಿಲ್ಲ. ಆದರೆ ಓಡಬಲ್ಲದು. ಒಳ್ಳೆ ಗಾಳಿ ಸಿಕ್ಕರೆ ಇಂಥ ಹಡಗು ಗಂಟೆಗೆ ಇಪ್ಪತ್ತು ಕಿಲೋಮೀಟರಿಗೂ ಮೀರಿ ಓಡುತ್ತಿತ್ತು. ದೊಡ್ಡದು ಕಂಡರೆ ಓಡು, ಸಣ್ಣದು ಕಂಡರೆ ಹಿಡಿ. ಲೆಕ್ಕ ಅಷ್ಟೇ.

ಹಿಡಿದ ಮೇಲೆ ಇನ್ನೊಂದು ಲೆಕ್ಕ ಶುರುವಾಗುತ್ತದೆ. ಸೋತ ಹಡಗನ್ನು ಮುಳುಗಿಸಿದರೆ ಲಾಭವಿಲ್ಲ. ಅದರ ಸರಕೇ ಬೇಟೆ. ಅದನ್ನು ಸ್ವಂತ ಬಂದರಿಗೆ ಸಾಗಿಸಬೇಕು. ಸಾಗಿಸಲು ನಿಮ್ಮದೇ ನಾವಿಕರು ಬೇಕು. ಇಂಥ ಫ್ರಿಗೇಟಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಇರುತ್ತಿದ್ದರು. ಕೇಳಲು ಜಾಸ್ತಿ ಅನಿಸಬಹುದು. ಆದರೆ ಒಂದೊಂದು ದೊಡ್ಡ ಫಿರಂಗಿಗೇ ಹತ್ತಾರು ಕೈ ಬೇಕು, ಜೊತೆಗೆ ಹಾಯಿ ಹಗ್ಗ ಎಳೆಯುವವರು ಬೇರೆ. ಹಿಡಿದ ಪ್ರತಿ ಹಡಗಿಗೂ ಒಂದಷ್ಟು ಜನರನ್ನು ಕೊಟ್ಟು ಕಳಿಸಬೇಕು, ಸೆರೆಸಿಕ್ಕವರನ್ನು ತನ್ನಲ್ಲಿ ಕಾಯಬೇಕು. ಬೇಟೆ ಚೆನ್ನಾಗಿ ಆದಷ್ಟೂ ಬೇಟೆಗಾರ ಬಡವಾಗುತ್ತಾನೆ.

ಪ್ರೆನ್ಯೂಸ್ ಹೊರಟಿದ್ದ ಬಂದರು ಪೋರ್ಟ್ ಲೂಯಿ. ಇವತ್ತಿನ ಮಾರಿಷಸ್‌ನ ರಾಜಧಾನಿ. ಆಗ ಆ ದ್ವೀಪಕ್ಕೆ ಇಲ್ ದ ಫ್ರಾನ್ಸ್ ಎನ್ನುತ್ತಿದ್ದರು. ನಕಾಶೆಯಲ್ಲಿ ನೋಡಿದರೆ ಇಂಗ್ಲಿಷರ ಹಡಗು ದಾರಿಗೆ ಹತ್ತಿರ, ಬೇಟೆಗೆ ಹೇಳಿ ಮಾಡಿಸಿದ ಜಾಗ. ಬಂದರು ದ್ವೀಪದ ವಾಯವ್ಯ ಮಗ್ಗುಲಲ್ಲಿದೆ. ಅಲ್ಲಿ ವರ್ಷದ ಬಹುಪಾಲು ಗಾಳಿ ಬೀಸುವುದು ಆಗ್ನೇಯದಿಂದ. ಹಾಗಾಗಿ ಬಂದರಿಗೆ ದ್ವೀಪವೇ ಮರೆ. ಹೊರಡುವ ಹಡಗನ್ನು ಗಾಳಿಯೇ ತಳ್ಳಿಕೊಡುತ್ತದೆ.

ಒಳಗೆ ಬರುವಾಗ ಕಥೆ ಬೇರೆ. ಆ ಕಾಲದ ಅಡ್ಡ ಹಾಯಿಯ ಹಡಗು ಗಾಳಿಗೆ ನೇರ ಎದುರಾಗಿ ಹೋಗಲಾರದು. ಗಾಳಿ ಬರುವ ದಿಕ್ಕಿನಿಂದ ಸುಮಾರು 65 ಡಿಗ್ರಿಯಾದರೂ ಓರೆಯಾಗಬೇಕು. ಎದುರು ಗಾಳಿಗೆ ಹೋಗಬೇಕೆಂದರೆ ಆಚೆ ಈಚೆ ಅಂಕುಡೊಂಕಾಗಿ ಸಾಗಬೇಕು, ಹತ್ತು ಮೈಲಿಯ ದಾರಿ ಎರಡು ಪಟ್ಟಿಗೂ ಮೀರಿ ಬೆಳೆಯುತ್ತದೆ. ಅದಕ್ಕೇ ಪೂರ್ವದಿಂದ ಬರುವ ಹಡಗುಗಳು ದ್ವೀಪದ ಉತ್ತರ ತುದಿಯನ್ನು ಸುತ್ತಿಕೊಂಡು ಪೋರ್ಟ್ ಲೂಯಿಗೆ ಇಳಿಯುತ್ತಿದ್ದವು. ಆ ದಾರಿ ಇಂಗ್ಲಿಷರಿಗೂ ಗೊತ್ತಿತ್ತು. ಸುಮ್ನೆ ಅಲ್ಲಿ ಕಾದರೆ ಸಾಕು.

ದ್ವೀಪದ ಇನ್ನೊಂದು ಕೊರತೆ ಸಾಮಾನು. ಹಾಯಿಕಂಬಕ್ಕೆ ಉದ್ದ ಮರ, ಹಗ್ಗಕ್ಕೆ ಸೆಣಬು, ಹಾಯಿಗೆ ಬಟ್ಟೆ, ಕಬ್ಬಿಣ, ತಾಮ್ರ, ಹೆಚ್ಚಿನದೆಲ್ಲ ಸಾವಿರಾರು ಮೈಲಿ ದೂರದಿಂದ ಬರಬೇಕು. ಬೆಚ್ಚನೆ ಸಮುದ್ರದಲ್ಲಿ ಹಡಗು ಹುಳ ಎಂಬ ಜೀವಿ ಮರವನ್ನು ಒಳಗಿಂದೊಳಗೆ ಕೊರೆದು ಜಾಲರಿ ಮಾಡುತ್ತದೆ. ಹೆಸರಿಗೆ ಹುಳ, ನಿಜಕ್ಕೂ ಅದು ಚಿಪ್ಪಿನ ಜಾತಿಯದು. ಅದನ್ನು ತಡೆಯಲು ಹಡಗಿನ ಅಡಿಗೆ ತಾಮ್ರದ ತಗಡು ಹೊಡೆಯುತ್ತಿದ್ದರು. ತಾಮ್ರ ಕರಗಿ ಬಿಡುವ ಅಂಶ ಪಾಚಿಗೂ ಚಿಪ್ಪುಗಳಿಗೂ ವಿಷ. ಅಡಿ ನುಣುಪಾಗಿರುತ್ತದೆ, ವೇಗ ಉಳಿಯುತ್ತದೆ. ಆದರೆ ಉಪ್ಪು ನೀರಿನಲ್ಲಿ ತಾಮ್ರವೂ ಕಬ್ಬಿಣವೂ ಜೊತೆಗಿದ್ದರೆ ಬ್ಯಾಟರಿಯಂತಾಗಿ ಕಬ್ಬಿಣ ಬೇಗ ಕರಗುತ್ತದೆ. ಹಡಗಿನ ಹಲಗೆಗಳನ್ನು ಹಿಡಿದಿಟ್ಟ ಕಬ್ಬಿಣದ ಬೋಲ್ಟುಗಳೇ ಸಡಿಲವಾದ ಉದಾಹರಣೆಗಳಿವೆ. 1780ರ ದಶಕದಲ್ಲಿ ಇಂಗ್ಲಿಷರು ನೀರಿನ ಕೆಳಗಿನ ಬೋಲ್ಟುಗಳನ್ನೂ ತಾಮ್ರದ ಮಿಶ್ರಲೋಹಕ್ಕೆ ಬದಲಿಸಿದ್ದು ಇದಕ್ಕೇ. ತಗಡು ಕಿತ್ತುಹೋದ ಫ್ರಿಗೇಟಿಗೆ ಓಡುವ ಬಲವೂ ಕಡಿಮೆಯಾಗುತ್ತದೆ. ಓಡಲಾಗದ ಫ್ರಿಗೇಟು ಯಾರಿಗೆ ಬೇಕು?

1796ರಲ್ಲಿ ಫ್ರೆಂಚ್ ಅಡ್ಮಿರಲ್ ಸೆರ್ಸೆ ಹಿಂದೂ ಮಹಾಸಾಗರದಲ್ಲಿ ಆರು ಫ್ರಿಗೇಟುಗಳ ಪಡೆ ನಡೆಸುತ್ತಿದ್ದ. ಪ್ರೆನ್ಯೂಸ್ ಮುಂದೆ ಸೇರಿದ್ದು ಈ ಪಡೆಯನ್ನೇ. 1797ರ ಜನವರಿಯಲ್ಲಿ ಬಾಲಿ ಜಲಸಂಧಿಯ ಬಳಿ ಅವನಿಗೆ ಕಂಪನಿಯ ಆರು ವ್ಯಾಪಾರಿ ಹಡಗುಗಳು ಎದುರಾದವು. ಅವುಗಳ ಮುಖ್ಯಸ್ಥ ಲೆನಾಕ್ಸ್ ಜಾಣ. ಇಂಗ್ಲಿಷ್ ಅಡ್ಮಿರಲ್‌ನ ಬಾವುಟ ಹಾರಿಸಿ, ತಾವೇ ಯುದ್ಧನೌಕೆಗಳು ಎಂಬಂತೆ ಮುನ್ನುಗ್ಗಿದ. ಸೆರ್ಸೆ ನಂಬಿ ಹಿಂದೆ ಸರಿದ. ಅವನನ್ನು ಹೇಡಿ ಎನ್ನುವುದು ಸುಲಭ. ಒಂದು ಹಾಯಿಕಂಬ ಮುರಿದರೂ ಬದಲಿ ಸಿಗದ ಕಡೆ ಹೋರಾಡುವವನು ಹಾಗೇ ಯೋಚಿಸುತ್ತಾನೆ ಎಂದು ನನಗನಿಸುತ್ತದೆ.

ದ್ವೀಪದವರಿಗೆ ಪ್ಯಾರಿಸ್ ಮೇಲೂ ಸಿಟ್ಟಿತ್ತು. 1794ರಲ್ಲಿ ಪ್ಯಾರಿಸ್ ಗುಲಾಮಗಿರಿಯನ್ನು ರದ್ದು ಮಾಡಿತ್ತು. ಅದನ್ನು ಜಾರಿಗೆ ತರಲು ಬಂದ ಅಧಿಕಾರಿಗಳನ್ನು ತೋಟದ ಮಾಲೀಕರು 1796ರಲ್ಲಿ ಹಡಗು ಹತ್ತಿಸಿ ಓಡಿಸಿದರು. ಇಂಥ ಹೊತ್ತಿನಲ್ಲಿ ಟಿಪ್ಪುವಿನ ರಾಯಭಾರಿಗಳು ಬಂದರು. ಗುಟ್ಟಾಗಿ ಆಗಬೇಕಿದ್ದ ಮಾತುಕತೆ. ಗವರ್ನರ್ ಮಲಾರ್ತಿಕ್‌ಗೆ ಕೊಡಲು ಸೈನ್ಯವಿರಲಿಲ್ಲ. 1798ರ ಜನವರಿ 30ರಂದು ಆತ ಬಹಿರಂಗ ಪ್ರಕಟಣೆಯನ್ನೇ ಹೊರಡಿಸಿದ: ಟಿಪ್ಪು ಇಂಗ್ಲಿಷರನ್ನು ಓಡಿಸಲು ನಮ್ಮ ನೆರವು ಕೇಳಿದ್ದಾನೆ, ಹೋಗುವವರು ಹೆಸರು ಬರೆಸಿ. ಬಂದವರೇ ಆ ನೂರು ಜನ.

ಜೂನ್ ಹೊತ್ತಿಗೆ ಆ ಪ್ರಕಟಣೆ ಕಲ್ಕತ್ತಾದ ಪತ್ರಿಕೆಯಲ್ಲಿ ಬಂತು. ಆಗಷ್ಟೇ ಗವರ್ನರ್ ಜನರಲ್ ಆಗಿ ಬಂದಿದ್ದ ವೆಲ್ಲೆಸ್ಲಿಗೆ ಇದಕ್ಕಿಂತ ಒಳ್ಳೆ ನೆಪ ಬೇಕಿತ್ತೇ? ಮಂಗಳೂರಿನಲ್ಲಿ ಫ್ರೆಂಚರು ಇಳಿದದ್ದು ಅವನ ವಾದಕ್ಕೆ ಸಾಕ್ಷಿಯಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆ ನೂರು ಜನರಿಂದ ಟಿಪ್ಪುವಿಗೆ ಆದ ಲಾಭಕ್ಕಿಂತ ನಷ್ಟವೇ ಜಾಸ್ತಿ.

ಪ್ರೆನ್ಯೂಸ್ ಮಂಗಳೂರಿನಲ್ಲಿ ಬಹಳ ದಿನ ನಿಲ್ಲುವಂತಿರಲಿಲ್ಲ. ನೇತ್ರಾವತಿ ಗುರುಪುರ ನದಿಗಳು ಸೇರುವ ಅಳಿವೆಯಲ್ಲಿ ಮರಳು ದಿಬ್ಬ. ದೊಡ್ಡ ಹಡಗು ಹೊರಗೆ ತೆರೆದ ಕಡಲಲ್ಲೇ ನಿಂತು ದೋಣಿಯಲ್ಲಿ ಜನರನ್ನು ಇಳಿಸಬೇಕು. ಜೂನ್‌ಗೆ ಮುಂಗಾರು ಬಂದರೆ ಪಡುವಣ ಗಾಳಿ ಹಡಗನ್ನು ದಡಕ್ಕೇ ಒತ್ತುತ್ತದೆ. ಅದು ಪೂರ್ವಕ್ಕೆ, ಬಟಾವಿಯಾ (ಇವತ್ತಿನ ಜಕಾರ್ತ) ಕಡೆಗೆ ಹೋಯಿತು. 1799ರ ಜನವರಿಯಲ್ಲಿ ಸ್ಪೇನಿನ ನೌಕೆಗಳ ಜೊತೆ ಸೇರಿ ಮಕಾವ್ ಬಳಿ ಇಂಗ್ಲಿಷರ ಚೀನಾ ವ್ಯಾಪಾರದ ಹಡಗುಗಳನ್ನು ಹಿಡಿಯಲು ಹೋಯಿತು. ಕಾವಲಿಗಿದ್ದ ಇಂಗ್ಲಿಷ್ ಯುದ್ಧನೌಕೆಗಳು ಎದುರು ಬಂದವು, ಆದರೆ ಕಾಳಗ ಆಗಲೇ ಇಲ್ಲ. ಎದುರಿನವರೇ ಜಾರಿಕೊಂಡರು ಎಂದು ಎರಡೂ ಕಡೆಯವರು ಹೇಳಿಕೊಂಡರು.

ಮುಂದಿನ ತಿಂಗಳುಗಳಲ್ಲಿ ಪಡೆಯ ಇತರ ಹಡಗುಗಳು ಒಂದೊಂದೇ ಉದುರಿದವು. ಕೆಲವು ಆ ಮೊದಲೇ ರಿಪೇರಿಗೂ ಸೈನಿಕರನ್ನು ಬಿಡಲಿಕ್ಕೂ ಫ್ರಾನ್ಸಿಗೆ ಹೊರಟುಹೋಗಿದ್ದವು. ಪ್ರುಡಾಂತ್ ಫೆಬ್ರವರಿಯಲ್ಲಿ ಸೆರೆಯಾಯಿತು. ಫೋರ್ತ್ ಕೆಲವೇ ವಾರಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ಸೋತಿತು. ಹೆಚ್ಚುಕಮ್ಮಿ ಪ್ರೆನ್ಯೂಸ್ ಒಂದೇ ಉಳಿಯಿತು.

ಆ ವರ್ಷದ ಸೆಪ್ಟೆಂಬರ್ 20ರಂದು ಅದು ದಕ್ಷಿಣ ಆಫ್ರಿಕಾದ ಅಲ್ಗೋವಾ ಕೊಲ್ಲಿಗೆ ನುಗ್ಗಿತು. ಅಲ್ಲಿದ್ದವು ಇಂಗ್ಲಿಷರ ರಾಟಲ್‌ಸ್ನೇಕ್ ಎಂಬ ಸಣ್ಣ ನೌಕೆ ಮತ್ತು ಕ್ಯಾಮೆಲ್ ಎಂಬ ಸಾಮಾನು ಹಡಗು. ಎರಡರ ಕಪ್ತಾನರೂ ದಡದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅಲೆಯ ಅಬ್ಬರಕ್ಕೆ ವಾಪಸ್ ಹೋಗಲಾಗಲಿಲ್ಲ. ಕಿರಿಯ ಅಧಿಕಾರಿಗಳೇ ರಾತ್ರಿ ಗಂಟೆಗಟ್ಟಲೆ ಕಾದಾಡಿದರು. ಕೊನೆಗೆ ಲೆರ್ಮಿತ್ ಕೈಬಿಟ್ಟು ಹೊರಟ.

ಅವನ ದೊಡ್ಡ ಕಾಳಗ ನಡೆದದ್ದು ಅಕ್ಟೋಬರ್‌ನಲ್ಲಿ. ಅವನನ್ನು ಹುಡುಕಿಕೊಂಡು ಬಂದದ್ದು 50 ಫಿರಂಗಿಯ ಇಂಗ್ಲಿಷ್ ನೌಕೆ ಜುಪಿಟರ್. ಲೆಕ್ಕದಲ್ಲಿ ಅದು ಪ್ರೆನ್ಯೂಸ್‌ಗಿಂತ ಬಲಶಾಲಿ. ಅದಕ್ಕೆ ಎರಡು ಅಂತಸ್ತು. 24 ಪೌಂಡ್ ತೂಕದ ಗುಂಡು ಹಾರಿಸುವ 22 ಭಾರವಾದ ಫಿರಂಗಿ ಕೆಳ ಅಂತಸ್ತಿನಲ್ಲಿ, 12 ಪೌಂಡಿನವು ಮೇಲೆ. ಭಾರ ಕೆಳಗಿರಬೇಕು, ಇಲ್ಲದಿದ್ದರೆ ಹಡಗು ಮಗುಚುತ್ತದೆ. ಆದರೆ ಕೆಳಗಿನ ಕಿಂಡಿಗಳು ನೀರಿಗೆ ತೀರಾ ಹತ್ತಿರ. ಅಂದು ಸಮುದ್ರ ಕುದಿಯುತ್ತಿತ್ತು. ಕಿಂಡಿ ತೆರೆದರೆ ಅಲೆ ಒಳಗೆ ಬರುತ್ತದೆ, ಆದ್ದರಿಂದ ಮುಚ್ಚಿಯೇ ಇಟ್ಟರು. ದೊಡ್ಡ ಫಿರಂಗಿಗಳೆಲ್ಲ ಕಿಂಡಿಯ ಹಿಂದೆ ಸುಮ್ಮನಿದ್ದವು. ಪ್ರೆನ್ಯೂಸ್‌ನ ಒಂದೇ ಸಾಲು ನೀರಿಗಿಂತ ಎತ್ತರದಲ್ಲಿತ್ತು. ಅದು ಎಡೆಬಿಡದೆ ಹೊಡೆಯಿತು. ಹಾಯಿ ಹಗ್ಗ ಹರಿದ ಜುಪಿಟರ್ ಕೇಪ್‌ಟೌನಿಗೆ ಮರಳಿತು.

ಇಷ್ಟು ಗೆದ್ದರೂ ವಾಪಸ್ ಹೋಗಬೇಕಾದದ್ದು ಪೋರ್ಟ್ ಲೂಯಿಗೇ. ತಿಂಗಳುಗಟ್ಟಲೆ ಕಡಲಲ್ಲಿದ್ದರೆ ತಾಜಾ ತರಕಾರಿ ಹಣ್ಣು ಇಲ್ಲ, ವಿಟಮಿನ್ ಸಿ ಇಲ್ಲ. ಎರಡು ಮೂರು ತಿಂಗಳಲ್ಲಿ ಒಸಡು ಊದಿ, ಹಳೆ ಗಾಯ ಮತ್ತೆ ಬಾಯಿ ಬಿಡುತ್ತದೆ. ಇಂಗ್ಲಿಷ್ ನೌಕಾದಳ 1795ರಿಂದ ನಿಂಬೆರಸ ಕೊಡಲು ಶುರುಮಾಡಿತ್ತು. ಕಾವಲು ನಿಲ್ಲುವವರಿಗೆ ಅದು ದೊಡ್ಡ ಅನುಕೂಲ.

1799ರ ಡಿಸೆಂಬರ್ 11ರಂದು ಪೋರ್ಟ್ ಲೂಯಿ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಟ್ರೆಮೆಂಡಸ್ ಮತ್ತು ಅಡಮಂಟ್ ಎಂಬ ಎರಡು ದೊಡ್ಡ ಇಂಗ್ಲಿಷ್ ನೌಕೆಗಳು ಪ್ರೆನ್ಯೂಸ್‌ನ ಬೆನ್ನು ಹತ್ತಿದವು. ಓಡುವ ಭರದಲ್ಲಿ ಪ್ರೆನ್ಯೂಸ್ ಬಂದರಿನ ಉತ್ತರಕ್ಕಿರುವ ಕೊಲ್ಲಿಯಲ್ಲಿ ನೆಲ ಹತ್ತಿತು. ಇಂಗ್ಲಿಷರ ದೋಣಿಗಳು ರಾತ್ರಿ ಬಂದು ಹಡಗು ಹತ್ತಿದವು. ಲೆರ್ಮಿತ್ ಸೆರೆಯಾದ. ನೌಕೆಗೆ ಬೆಂಕಿ ಹಚ್ಚಿದರು.

ಸೆರ್ಸೆಯ ಪಡೆಯ ಕಥೆ ಅಲ್ಲಿಗೆ ಮುಗಿಯಿತು, ದ್ವೀಪದ ಬೇಟೆ ಮುಗಿಯಲಿಲ್ಲ. ಮರುವರ್ಷ ಅಕ್ಟೋಬರ್ 7ರಂದು ರಾಬರ್ ಸುರ್ಕುಫ್ ತನ್ನ ಸಣ್ಣ ಹಡಗು ಕಾನ್ಫಿಯಾನ್ಸ್‌ನಿಂದ ಕಂಪನಿಯ ದೊಡ್ಡ ಹಡಗು ಕೆಂಟ್ ಅನ್ನು ಬಂಗಾಳ ಕೊಲ್ಲಿಯಲ್ಲಿ ಹಿಡಿದ. ಕಾನ್ಫಿಯಾನ್ಸ್ ಸರ್ಕಾರದ ಹಡಗಲ್ಲ, ಖಾಸಗಿ ಬಂಡವಾಳದ್ದು. ಲಾಭವೂ ನಷ್ಟವೂ ದುಡ್ಡು ಹಾಕಿದವರದ್ದೇ. 1810ರ ಡಿಸೆಂಬರ್‌ನಲ್ಲಿ ಇಂಗ್ಲಿಷರು ಬೇಟೆಗಾರರ ಹಿಂದೆ ಓಡುವುದನ್ನು ಬಿಟ್ಟು ದ್ವೀಪವನ್ನೇ ವಶಪಡಿಸಿಕೊಂಡರು.