ಮಂಡಿ ಕೀಲು ಬದಲಾಯಿಸೋ ಆಪರೇಷನ್ ಆದ ದಿನವೇ ನಡೆಸ್ತಾರಲ್ಲ, ಅದು ಹೇಗೆ?

"ಬೆಳಿಗ್ಗೆ ಆಪರೇಷನ್, ಸಂಜೆ ನಡಿಗೆ" ಅನ್ನೋ ಥರದ ಬೋರ್ಡು ಈಗ ಸುಮಾರು ಕಡೆ ಕಾಣ್ಸುತ್ತೆ, ಪಕ್ಕದಲ್ಲಿ ಒಂದು ರೋಬೋಟ್ ಕೈ ಫೋಟೋ ಬೇರೆ. ನೋಡಿದೋರಿಗೆ ಏನೋ ಹೊಸ ಮೆಷಿನ್ ಬಂದಿದೆ, ಅದರಿಂದಾನೇ ಇದೆಲ್ಲ ಅನ್ಸುತ್ತೆ. ಆದ್ರೆ ಬೇಗ ಎದ್ದು ಓಡಾಡೋದಕ್ಕೆ ರೋಬೋಟ್ ಬೇಕೇ ಬೇಕು ಅಂತೇನಿಲ್ಲ. "ಫಾಸ್ಟ್ ಟ್ರ್ಯಾಕ್" ಅನ್ನೋ ಈ ಪದ್ಧತಿ ಬೆಳೆದಿದ್ದು ಡೆನ್ಮಾರ್ಕಲ್ಲಿ, ಅಲ್ಲಿ ಮಾಡಿದ್ದು ಹಳೇ ಅಭ್ಯಾಸಗಳನ್ನ ಒಂದೊಂದಾಗಿ ಹಿಡ್ಕೊಂಡು ಇದು ಯಾಕೆ ಬೇಕು ಅಂತ ಕೇಳಿದ್ದು, ಅಷ್ಟೇ.

ಹೆನ್ರಿಕ್ ಕೆಹ್ಲೆಟ್ ಅಂತ ಅಲ್ಲಿನ ಸರ್ಜನ್ನು, 1990ರ ದಶಕದಲ್ಲಿ ಕರುಳಿನ ಆಪರೇಷನ್ ಆದೋರ ಬಗ್ಗೆ ಕೇಳಿದ ಪ್ರಶ್ನೆ ತುಂಬಾ ಸಿಂಪಲ್: ಈ ಪೇಷೆಂಟು ಇವತ್ತೂ ಯಾಕೆ ಆಸ್ಪತ್ರೇಲಿದ್ದಾರೆ? ಗಾಯ ಒಂದೇ ಕಾರಣ ಅಲ್ಲ. ನೋವು, ವಾಂತಿ, ತಲೆಸುತ್ತು, ಸುಸ್ತು ಇವೆಲ್ಲ ಸೇರಿ ಮಲಗಿಸಿರುತ್ತೆ, ಕತ್ತರಿ ಬಿದ್ದ ತಕ್ಷಣ ದೇಹದಲ್ಲಿ ಸ್ಟ್ರೆಸ್ ಹಾರ್ಮೋನುಗಳು ಏರಿ ಉರಿಯೂತ ಶುರುವಾಗುತ್ತಲ್ಲ, ಅದರ ಪಾಲೂ ಇದೆ. 1997ರಲ್ಲಿ ಅವರು ಬರೆದ ಲೇಖನದ ತಿರುಳು ಏನಂದ್ರೆ, ಯಾವುದೋ ಒಂದು ಔಷಧಿಯಿಂದ ಇದು ಸರಿಹೋಗಲ್ಲ, ಹತ್ತಾರು ಸಣ್ಣ ಸಣ್ಣ ಕೆಲಸ ಒಟ್ಟಿಗೇ ಮಾಡ್ಬೇಕು ಅಂತ. ಕೋಪನ್‌ಹೇಗನ್ ಪಕ್ಕದ ವಿಡೋವ್ರೆ ಆಸ್ಪತ್ರೇಲಿ ಹೆನ್ರಿಕ್ ಹುಸ್ಟೆಡ್ ಮತ್ತು ಅವರ ಜೊತೆಯೋರು ಇದನ್ನ ಸೊಂಟ, ಮಂಡಿ ಕೀಲು ಬದಲಾಯಿಸೋ ಆಪರೇಷನ್‌ಗೆ ತಂದ್ರು. ಡೆನ್ಮಾರ್ಕಲ್ಲಿ 2000ದ ಸುಮಾರಿಗೆ ಕೀಲು ಬದಲಾಯಿಸಿದೋರು 10-11 ದಿನ ಆಸ್ಪತ್ರೇಲಿರ್ತಿದ್ರು, 2009ರ ಹೊತ್ತಿಗೆ ಅದು 4 ದಿನಕ್ಕೆ ಇಳೀತು.

ಸರಿ, ಏನೇನು ಮಾಡ್ತಾರೆ? ಕೆಲಸ ಶುರುವಾಗೋದು ಆಪರೇಷನ್‌ಗೆ ವಾರಗಳ ಮುಂಚೆ. ಹಿಮೋಗ್ಲೋಬಿನ್ ನೋಡಿ, ಕಮ್ಮಿ ಇದ್ರೆ ಕಾರಣ ಹುಡುಕಿ ಸರಿ ಮಾಡ್ತಾರೆ, ಯಾಕಂದ್ರೆ ರಕ್ತಹೀನತೆ ಇದ್ದೋರಿಗೆ ರಕ್ತ ಕೊಡೋ ಪ್ರಸಂಗ ಜಾಸ್ತಿ. ಬೀಡಿ ಸಿಗರೇಟು ಬಿಡಿಸ್ತಾರೆ. ಪೇಷೆಂಟನ್ನೂ ಮನೆಯೋರನ್ನೂ ಕೂರಿಸ್ಕೊಂಡು ಯಾವ ದಿನ ಏನಾಗುತ್ತೆ, ವಾಕರ್ ಹೇಗೆ ಹಿಡೀಬೇಕು, ಮನೇಲಿ ಟಾಯ್ಲೆಟ್ ಎತ್ತರ ಎಷ್ಟಿದೆ ಅಂತೆಲ್ಲ ಮಾತಾಡ್ತಾರೆ. ಕುಕ್ಕರಗಾಲಲ್ಲಿ ಕೂರೋ ಟಾಯ್ಲೆಟ್ ಇರೋ ನಮ್ಮ ಮನೆಗಳಿಗೆ ಈ ಮಾತು ಇನ್ನೂ ಮುಖ್ಯ, ಇದನ್ನ ಡಿಸ್ಚಾರ್ಜ್ ದಿನ ಯೋಚಿಸಿದ್ರೆ ತಡವಾಯ್ತು.

ಆಮೇಲೆ ಉಪವಾಸದ ಕಥೆ. ರಾತ್ರಿ ಹನ್ನೆರಡರಿಂದ ಒಂದು ಹನಿ ನೀರೂ ಇಲ್ಲ ಅಂತ ಕೂರಿಸಿ, ಮಧ್ಯಾಹ್ನ ಮೂರಕ್ಕೆ ಥಿಯೇಟರಿಗೆ ಒಯ್ಯೋದು ಈಗಲೂ ಇದೆ. ಈಗಿನ ನಿಯಮದ ಪ್ರಕಾರ ಗಟ್ಟಿ ಆಹಾರಕ್ಕೆ 6 ಗಂಟೆ, ನೀರಿನಂಥ ತಿಳಿ ಪಾನೀಯಕ್ಕೆ 2 ಗಂಟೆ ಸಾಕು. ಹಾಲು ಹಾಕಿದ ಕಾಫಿ ಇದರಲ್ಲಿ ಲೆಕ್ಕಕ್ಕಿಲ್ಲ, ಪಾಪ. ಹೊಟ್ಟೆ ನಿಧಾನಕ್ಕೆ ಖಾಲಿಯಾಗೋ ತೊಂದರೆ ಇದ್ದೋರಿಗೆ ಮಾತ್ರ ಅನಸ್ತೇಶಿಯಾ ಡಾಕ್ಟ್ರು ಬೇರೆ ಹೇಳ್ಬಹುದು.

ಥಿಯೇಟರಲ್ಲಿ ನನಗೆ ಇಷ್ಟವಾದ ವಿಷಯ ಟ್ರಾನೆಕ್ಸಾಮಿಕ್ ಆಸಿಡ್. ಜಪಾನಿನ ಉಟಾಕೊ ಮತ್ತು ಶೋಸುಕೆ ಒಕಾಮೊಟೊ ದಂಪತಿ 1962ರಲ್ಲಿ ಪ್ರಕಟಿಸಿದ ಹಳೇ ಔಷಧಿ, ಹೆಪ್ಪುಗಟ್ಟಿದ ರಕ್ತ ಬೇಗ ಕರಗದ ಹಾಗೆ ತಡೆಯುತ್ತೆ, ಬೆಲೆನೂ ಕಮ್ಮಿ, ಅದನ್ನ ಕೊಟ್ರೆ ರಕ್ತ ಹೋಗೋದೂ ಕಮ್ಮಿ, ಬಾಟಲಿ ರಕ್ತ ಏರಿಸೋ ಅವಶ್ಯಕತೆನೂ ಕಮ್ಮಿ. ಮಂಡಿ ಸುತ್ತ ಮಾಂಸಕ್ಕೇ ಮರಗಟ್ಟಿಸೋ ಔಷಧಿ ಚುಚ್ತಾರೆ, ನೋವಿಗೆ ಪ್ಯಾರಸಿಟಮಾಲ್ ಜೊತೆ ಉರಿಯೂತ ಇಳಿಸೋ ಮಾತ್ರೆ ಸೇರಿಸ್ತಾರೆ, ಹೀಗೆ ಮಾರ್ಫಿನ್ ಜಾತಿಯ ಔಷಧಿ ಕಮ್ಮಿ ಆಗುತ್ತೆ, ಅದು ಕಮ್ಮಿ ಆದ್ರೆ ವಾಂತಿ, ಮಂಪರು, ಮಲಬದ್ಧತೆನೂ ಕಮ್ಮಿ. ರಕ್ತ ಬಸಿಯೋ ಡ್ರೈನ್ ಪೈಪು, ಮೂತ್ರದ ಪೈಪು ಎರಡನ್ನೂ ಸುಮ್ ಸುಮ್ನೆ ಹಾಕಲ್ಲ. ಪೈಪು ಇಲ್ಲ, ಮಂಪರಿಲ್ಲ, ತಲೆಸುತ್ತಿಲ್ಲ ಅಂದ್ಮೇಲೆ ಎದ್ದು ನಿಲ್ಲೋಕೆ ಅಡ್ಡಿ ಎಷ್ಟು ಉಳೀತು ಹೇಳಿ.

ಬೇಗ ಎಬ್ಬಿಸೋದು ಶೋಕಿಗಲ್ಲ. ಮಲಗೇ ಇದ್ರೆ ಮಾಂಸಖಂಡ ಸೊರಗುತ್ತೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟೋ ಭಯ ಜಾಸ್ತಿ, ಶ್ವಾಸಕೋಶದಲ್ಲಿ ಕಫ ಕಟ್ಟುತ್ತೆ. ಮನೆಗೆ ಕಳ್ಸೋದು ಕ್ಯಾಲೆಂಡರ್ ನೋಡಿ ಅಲ್ಲ: ಹಾಸಿಗೆಯಿಂದ ತಾನೇ ಏಳ್ಬೇಕು, ವಾಕರ್ ಹಿಡ್ಕೊಂಡು ಬಾತ್‌ರೂಮಿಗೆ ಹೋಗ್ಬೇಕು, ನೋವು ಮಾತ್ರೆಗೆ ಬಗ್ಗಬೇಕು. ಎಂಬತ್ತು ದಾಟಿದ ಒಂಟಿ ಅಜ್ಜಿಗೆ ಇದಕ್ಕೆ ಎರಡು ದಿನ ಜಾಸ್ತಿ ಬೇಕಾದ್ರೆ ಅದೇನೂ ಸೋಲಲ್ಲ. ಬರೀ ಬೆಡ್ ಖಾಲಿ ಮಾಡಿಸೋಕೆ ಈ ಪದ್ಧತಿ ಹೆಸರು ಹೇಳೋ ಕಡೆ ಸ್ವಲ್ಪ ಹುಷಾರಾಗಿರಿ.

ಇದರಿಂದ ಬಗೆಹರಿಯದೇ ಇರೋದೂ ಇದೆ. ಮಂಡಿ ಆಪರೇಷನ್ ಆದ್ಮೇಲೆ ತೊಡೆಯ ಮುಂಭಾಗದ ದೊಡ್ಡ ಸ್ನಾಯು ಊತದಿಂದಾಗಿ ತೀರಾ ಸೋತುಹೋಗಿರುತ್ತೆ, ಸಂಜೆ ನಡೆದ ಮಾತ್ರಕ್ಕೆ ಅದು ವಾಪಸ್ ಬರಲ್ಲ, ತಿಂಗಳುಗಟ್ಟಲೆ ವ್ಯಾಯಾಮ ಬೇಕು. ಹತ್ತು ಜನರಲ್ಲಿ ಒಬ್ಬಿಬ್ಬರಿಗೆ ಎಲ್ಲ ಸರಿಯಾಗಿ ಮಾಡಿದ್ರೂ ನೋವು ಉಳ್ಕೊಳ್ಳುತ್ತೆ, ಎರಡನೇ ದಿನವೇ ಮನೆಗೆ ಹೋದೋರಿಗೂ ಸಹ.