ಕರೆಂಟ್ ಹೋದ ಮೇಲಿನ ಇಪ್ಪತ್ತು ಮಿಲಿಸೆಕೆಂಡು

ಇನ್ವರ್ಟರ್ ಇರುವ ಮನೆಯಲ್ಲಿ ಕರೆಂಟ್ ಹೋದರೂ ಫ್ಯಾನ್ ತಿರುಗುತ್ತಲೇ ಇರುತ್ತದೆ, ದೀಪ ಒಮ್ಮೆ ಮಿಟುಕಿ ಸುಮ್ಮನಾಗುತ್ತದೆ, ಮೇಜಿನ ಮೇಲಿನ ಕಂಪ್ಯೂಟರ್ ಮಾತ್ರ ಆಫ್ ಆಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದೂ ಪ್ರತಿ ಸಲ ಹೀಗಾಗುವುದಿಲ್ಲ. ಮಧ್ಯಾಹ್ನ ಕರೆಂಟ್ ಹೋದದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಯಂತ್ರ, ಸಂಜೆ ಏಳಕ್ಕೆ ಹೋದಾಗ ಕೈಕೊಡುತ್ತದೆ. ಇನ್ವರ್ಟರ್ ಮಾರಿದವರು ಕಂಪ್ಯೂಟರ್ ಸರಿಯಿಲ್ಲ ಎನ್ನುತ್ತಾರೆ. ಕಂಪ್ಯೂಟರ್ ರಿಪೇರಿಯವರು ಇನ್ವರ್ಟರ್ ಬದಲಿಸಿ ಎನ್ನುತ್ತಾರೆ. ಮನೆಯವರು ಇಬ್ಬರ ನಡುವೆ ಓಡಾಡಿ ಸುಸ್ತಾಗುತ್ತಾರೆ. ಬ್ಯಾಕಪ್ ಎಷ್ಟು ಗಂಟೆ ಬರುತ್ತದೆ ಎಂದು ಅಂಗಡಿಯಲ್ಲಿ ಎಲ್ಲರೂ ಕೇಳುತ್ತಾರೆ. ಆದರೆ ಕಂಪ್ಯೂಟರ್‌ನ ಹಣೆಬರಹ ನಿರ್ಧಾರವಾಗುವುದು ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗದೊಳಗೆ.

ನಮ್ಮ ಮನೆಗೆ ಬರುವ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್. ಅಂದರೆ ಸೆಕೆಂಡಿಗೆ ಐವತ್ತು ಅಲೆಗಳು. ಒಂದು ಅಲೆಯ ಆಯುಷ್ಯ 20 ಮಿಲಿಸೆಕೆಂಡು. ಲೈನ್ ಹೋಯಿತೆಂದು ಇನ್ವರ್ಟರ್ ಮೊದಲು ಖಚಿತಪಡಿಸಿಕೊಳ್ಳಬೇಕು, ಆಮೇಲೆ ಒಳಗಿನ ರಿಲೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಬೇಕು. ‘ಟಕ್’ ಎಂದು ಕೇಳಿಸುವ ಶಬ್ದ ಅದೇ. ರಿಲೇಯ ಲೋಹದ ನಾಲಿಗೆ ಗಾಳಿಯಲ್ಲಿರುವಷ್ಟು ಹೊತ್ತು ಮನೆಗೆ ಲೈನೂ ಇಲ್ಲ, ಬ್ಯಾಟರಿಯೂ ಇಲ್ಲ. ಮನೆಬಳಕೆಯ ಬಹಳಷ್ಟು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಎಂಬ ಸ್ಥಾನದಲ್ಲಿಟ್ಟರೆ ಈ ಅಂತರ ಸುಮಾರು 10 ಮಿಲಿಸೆಕೆಂಡು. ಸಾಮಾನ್ಯ ಸ್ಥಾನದಲ್ಲಿ ಅದು 30ರಿಂದ 40ಕ್ಕೆ ಹೋಗಬಹುದು. ಈ ಸ್ಥಾನ ಬದಲಿಸುವ ಸ್ವಿಚ್ ಇರುವುದು ಪೆಟ್ಟಿಗೆಯ ಹಿಂಭಾಗದಲ್ಲಿ, ಗೋಡೆಗೆ ಮುಖ ಮಾಡಿಕೊಂಡು. ಹೆಚ್ಚಿನ ಮನೆಗಳಲ್ಲಿ ಜೋಡಿಸಿದ ದಿನದಿಂದ ಅದನ್ನು ಯಾರೂ ಮುಟ್ಟಿರುವುದಿಲ್ಲ.

ಈ ಅಂತರದಲ್ಲಿ ಫ್ಯಾನ್ ತನ್ನ ವೇಗದಲ್ಲೇ ತಿರುಗಿಕೊಂಡು ಹೋಗುತ್ತದೆ. ಕಂಪ್ಯೂಟರ್‌ಗೆ ಆಸರೆ ಅದರ ಎಸ್‌ಎಂಪಿಎಸ್ ಡಬ್ಬಿಯೊಳಗಿನ, ಅಂದರೆ ಲೈನಿನ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದಂತೆ ಬದಲಿಸಿಕೊಡುವ ಪವರ್ ಸಪ್ಲೈ ಒಳಗಿನ, ದೊಡ್ಡ ಕೆಪಾಸಿಟರ್. ಅದು ಚಾವಣಿಯ ನೀರಿನ ತೊಟ್ಟಿ ಇದ್ದಂತೆ: ನಲ್ಲಿಯಲ್ಲಿ ನೀರು ನಿಂತರೂ ತೊಟ್ಟಿಯಲ್ಲಿ ಇರುವಷ್ಟು ಹೊತ್ತು ಮನೆ ನಡೆಯುತ್ತದೆ. ತೊಟ್ಟಿ ಎಷ್ಟು ತುಂಬಿರುತ್ತದೆ ಎಂಬುದೇ ಸಂಜೆ ಏಳರ ಒಗಟಿಗೆ ಉತ್ತರ.

ಲೆಕ್ಕ ಹಾಕಿಯೇ ನೋಡಬಹುದು. 230 ವೋಲ್ಟಿನ ಅಲೆ ತನ್ನ ತುದಿಯಲ್ಲಿ 325 ವೋಲ್ಟ್ ಮುಟ್ಟುತ್ತದೆ. ಸಾದಾ ಎಸ್‌ಎಂಪಿಎಸ್‌ನ ಕೆಪಾಸಿಟರ್ ತುಂಬಿಕೊಳ್ಳುವುದು ಆ ತುದಿಯವರೆಗೆ. ಅದರ ಸಾಮರ್ಥ್ಯ 220 ಮೈಕ್ರೋಫ್ಯಾರಡ್, ಕಂಪ್ಯೂಟರ್ ಎಳೆಯುತ್ತಿರುವುದು 200 ವ್ಯಾಟ್, ಕೆಪಾಸಿಟರ್ 200 ವೋಲ್ಟಿಗಿಂತ ಕೆಳಗಿಳಿದರೆ ಯಂತ್ರ ನಿಲ್ಲುತ್ತದೆ ಎಂದುಕೊಳ್ಳೋಣ. 325ರಿಂದ 200ಕ್ಕೆ ಇಳಿಯುವಷ್ಟರಲ್ಲಿ ಸಿಗುವ ಶಕ್ತಿ ಸುಮಾರು 7 ಜೂಲ್. ಅದು 36 ಮಿಲಿಸೆಕೆಂಡಿಗೆ ಸಾಕು. ಸಂಜೆ ಊರಿನ ಎಲ್ಲ ದೀಪ, ಮಿಕ್ಸಿ, ಪಂಪ್‌ಸೆಟ್ ಒಟ್ಟಿಗೆ ಓಡಿ ಲೈನ್ 180 ವೋಲ್ಟಿಗೆ ಕುಸಿದಿದೆ ಎನ್ನಿ. ಅಲೆಯ ತುದಿ ಈಗ 254 ವೋಲ್ಟ್. ಶಕ್ತಿ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ನಷ್ಟ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು: ಉಳಿದದ್ದು 2.7 ಜೂಲ್, ಅಂದರೆ 13 ಮಿಲಿಸೆಕೆಂಡು ಚಿಲ್ಲರೆ. ವೋಲ್ಟೇಜ್ ಕಾಲು ಭಾಗದಷ್ಟೂ ಇಳಿದಿಲ್ಲ, ಆಸರೆ ಮಾತ್ರ ಅರ್ಧಕ್ಕಿಂತ ಕೆಳಗೆ ಬಿದ್ದಿದೆ. ಕರೆಂಟ್ ಹೋದದ್ದು ಕೆಪಾಸಿಟರ್ ಆಗಷ್ಟೇ ತುಂಬಿದ ಕ್ಷಣದಲ್ಲೋ, ಮರುಪೂರಣಕ್ಕೆ ಕಾಯುತ್ತಿದ್ದ ಕ್ಷಣದಲ್ಲೋ ಎಂಬುದರ ಮೇಲೆ ಇನ್ನೂ ಕೆಲವು ಮಿಲಿಸೆಕೆಂಡು ಆಚೀಚೆ. ಇನ್ವರ್ಟರಿನವರೂ ಕಂಪ್ಯೂಟರಿನವರೂ ತಮ್ಮ ಅಂಗಡಿಯಲ್ಲಿ ಪರೀಕ್ಷಿಸಿದಾಗ ಎಲ್ಲವೂ ಸರಿಯಿರುವುದು ಇದರಿಂದಲೇ. ಅವರ ಅಂಗಡಿಯಲ್ಲಿ ನಿಮ್ಮ ಮನೆಯ ಸಂಜೆ ಇರುವುದಿಲ್ಲ.

ಹಾಗಿದ್ದರೆ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಕಡೆಗೆ ಒತ್ತಿದರೆ ಮುಗಿಯಿತೇ? ನಗರದಲ್ಲಿ ಬಹುಪಾಲು ಮುಗಿಯಿತು. ಆದರೆ ಆ ಸ್ಥಾನದಲ್ಲಿ ಇನ್ವರ್ಟರ್ ಸುಮಾರು 180ರಿಂದ 260 ವೋಲ್ಟಿನವರೆಗಿನ ಲೈನನ್ನು ಮಾತ್ರ ಒಪ್ಪುತ್ತದೆ. ಲೈನ್ ಅದಕ್ಕಿಂತ ಕೆಳಗೆ ತೂಗಾಡುವ ಊರುಗಳಲ್ಲಿ, ಕರೆಂಟ್ ಇದ್ದರೂ ಮನೆ ಬ್ಯಾಟರಿಯ ಮೇಲೆ ಓಡುತ್ತದೆ. ನಿಜವಾಗಿ ಕರೆಂಟ್ ಹೋಗುವ ಹೊತ್ತಿಗೆ ಬ್ಯಾಟರಿ ಸೋತಿರುತ್ತದೆ. ಅಂಥ ಕಡೆ ನನ್ನ ಮತ, ಇನ್ವರ್ಟರನ್ನು ಸಾಮಾನ್ಯ ಸ್ಥಾನದಲ್ಲೇ ಬಿಟ್ಟು, ಕಂಪ್ಯೂಟರ್‌ಗೆ ಮಾತ್ರ 600 ವಿಎ ಯುಪಿಎಸ್ ಒಂದನ್ನು ಮಧ್ಯೆ ಇಡುವುದು. ಆ ಪುಟ್ಟ ಪೆಟ್ಟಿಗೆಯ ಕೆಲಸ ಕೆಲವು ಮಿಲಿಸೆಕೆಂಡುಗಳ ಹಳ್ಳಕ್ಕೆ ಹಲಗೆ ಹಾಕುವುದು, ಅಷ್ಟೇ. ಅದರಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ. ಗಂಟೆಗಟ್ಟಲೆ ಓಡಲೆಂದು ಅದನ್ನು ಮಾಡಿಲ್ಲ.

ಇಲ್ಲೊಂದು ತೊಡಕಿದೆ. ಅಗ್ಗದ ಇನ್ವರ್ಟರ್‌ಗಳು ಕೊಡುವುದು ದುಂಡನೆಯ ಸೈನ್ ವೇವ್ ಅಲ್ಲ. ಮೇಲೆ ಹಾರಿ, ಚಪ್ಪಟೆಯಾಗಿ ನಿಂತು, ಕೆಳಗೆ ಬೀಳುವ ಸ್ಕ್ವೇರ್ ವೇವ್. ಫ್ಯಾನ್ ಗುಂಯ್‌ಗುಡುತ್ತಿದ್ದರೆ ಅದೇ ಗುರುತು. ಕೆಲವು ಯುಪಿಎಸ್‌ಗಳು ಈ ಅಲೆಯನ್ನು ಲೈನ್ ಎಂದು ಒಪ್ಪುವುದೇ ಇಲ್ಲ. ಕರೆಂಟ್ ಹೋಗಿದೆ ಎಂದೇ ತಿಳಿದು ತಮ್ಮ ಬ್ಯಾಟರಿಯನ್ನು ಖಾಲಿ ಮಾಡಿಕೊಳ್ಳುತ್ತವೆ. ಕಂಪ್ಯೂಟರ್‌ಗೂ ಇದು ಹಿತವಲ್ಲ. ಪೂರ್ತಿ ಚಪ್ಪಟೆಯಾದ 230 ವೋಲ್ಟಿನ ಅಲೆಗೆ ತುದಿಯೂ 230 ವೋಲ್ಟೇ. ಹಿಂದಿನ ಲೆಕ್ಕಕ್ಕೆ ಹಾಕಿದರೆ ಕೆಪಾಸಿಟರ್‌ನಲ್ಲಿ ಉಳಿಯುವ ಆಸರೆ 7 ಮಿಲಿಸೆಕೆಂಡು. ಕರೆಂಟ್ ಹೋದಾಗ ಬದುಕಿದ ಕಂಪ್ಯೂಟರ್ ಕರೆಂಟ್ ಬಂದಾಗ ಸಾಯುವ ವಿಚಿತ್ರದ ಒಂದು ಕಾರಣ ಇದು: ವಾಪಸ್ ಹೊರಳುವ ರಿಲೇ ಅಷ್ಟರೊಳಗೆ ಮುಟ್ಟುವುದಿಲ್ಲ. ಆಕ್ಟಿವ್ ಪಿಎಫ್‌ಸಿ ಎಂಬ ಹೆಚ್ಚುವರಿ ಸರ್ಕ್ಯೂಟ್ ಇರುವ ಒಳ್ಳೆಯ ಎಸ್‌ಎಂಪಿಎಸ್‌ಗಳು ಲೈನ್ ಎಷ್ಟೇ ಇದ್ದರೂ ತಮ್ಮ ಕೆಪಾಸಿಟರನ್ನು 380–400 ವೋಲ್ಟಿನ ಸುತ್ತ ಕಾಯ್ದುಕೊಳ್ಳುತ್ತವೆ, ಹಾಗಾಗಿ ಸಂಜೆಯ ಕುಸಿತಕ್ಕೆ ಅವು ಜಗ್ಗುವುದಿಲ್ಲ. ಆದರೆ ಅವು ಅಲೆಯ ಆಕಾರವನ್ನೇ ಹಿಂಬಾಲಿಸಿ ಕರೆಂಟ್ ಎಳೆಯುವಂಥವು. ಸ್ಕ್ವೇರ್ ವೇವ್ ಸಿಕ್ಕರೆ ಕೆಲವು ಗೊಣಗುತ್ತವೆ, ಕೆಲವು ಆಫ್ ಆಗಿಬಿಡುತ್ತವೆ. ಕಂಪ್ಯೂಟರ್ ಇರುವ ಮನೆಗೆ ಸೈನ್ ವೇವ್ ಇನ್ವರ್ಟರ್ ತರುವುದು ದುಬಾರಿಯ ಆಡಂಬರವೇನೂ ಅಲ್ಲ.

ಬ್ಯಾಟರಿಯ ಲೆಕ್ಕ ಬೇಗ ಮುಗಿಯುತ್ತದೆ. 150 ಆಂಪಿಯರ್-ಅವರ್ ಎಂದು ಬರೆದಿರುವುದು ಇಪ್ಪತ್ತು ಗಂಟೆ ನಿಧಾನವಾಗಿ ಎಳೆದಾಗಿನ ಮಾತು, ಅಂದರೆ ಸತತವಾಗಿ 7.5 ಆಂಪಿಯರ್. ಅವಸರದಲ್ಲಿ ಎಳೆದಷ್ಟೂ ಲೆಡ್-ಆ್ಯಸಿಡ್ ಬ್ಯಾಟರಿ ಕೊಡುವುದು ಕಡಿಮೆ. ಇದನ್ನು ಜರ್ಮನಿಯ ವಿಲ್ಹೆಲ್ಮ್ ಪೊಯ್ಕರ್ಟ್ 1897ರಲ್ಲೇ ಸೂತ್ರವಾಗಿ ಹೇಳಿದ್ದರು. ಕಂಪ್ಯೂಟರ್, ಹಳೆಯ ಮಾದರಿಯ ಎರಡು ಫ್ಯಾನ್, ದೀಪಗಳು ಸೇರಿ 350 ವ್ಯಾಟ್ ಆದರೆ, ಇನ್ವರ್ಟರ್ ತಿನ್ನುವ ಪಾಲೂ ಸೇರಿ 12 ವೋಲ್ಟಿನ ಬ್ಯಾಟರಿಯಿಂದ 36 ಆಂಪಿಯರ್ ಹರಿಯುತ್ತದೆ. ಹೊಸ ಬ್ಯಾಟರಿಯಲ್ಲಿ ಮೂರು ಗಂಟೆಯ ಆಸುಪಾಸು ಎಂದುಕೊಳ್ಳಿ. ಪ್ರತಿ ಸಲ ತಳ ಕಾಣುವವರೆಗೆ ಎಳೆದರೆ ಬ್ಯಾಟರಿಯ ಆಯುಷ್ಯ ತಗ್ಗುತ್ತದೆ. 75 ವ್ಯಾಟ್ ತಿನ್ನುವ ಫ್ಯಾನಿನ ಜಾಗಕ್ಕೆ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕುವುದು ಇನ್ನೊಂದು ಬ್ಯಾಟರಿ ಕೊಳ್ಳುವುದಕ್ಕಿಂತ ಜಾಣತನ. ಲೇಸರ್ ಪ್ರಿಂಟರನ್ನಂತೂ ಇನ್ವರ್ಟರ್ ಲೈನಿಗೆ ಸೇರಿಸಲೇಬಾರದು. ಕಾಗದದ ಮೇಲೆ ಪುಡಿಯನ್ನು ಕರಗಿಸಿ ಅಂಟಿಸುವ ಅದರ ಕಾದ ಉರುಳೆ ಒಮ್ಮೆಲೇ ನೂರಾರು ವ್ಯಾಟ್ ಎಳೆದು, ಇನ್ವರ್ಟರ್ ಓವರ್‌ಲೋಡ್ ಎಂದು ಕೂಗಿ, ಪಕ್ಕದ ಕಂಪ್ಯೂಟರನ್ನೂ ಕೆಡವುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಏಳುತ್ತದೆ. ಗಾಳಿಯಲ್ಲಿ ಅದು 4 ಶೇಕಡ ಸೇರಿದರೆ ಒಂದು ಕಿಡಿ ಸಾಕು. ಮುಚ್ಚಿದ ಕಪಾಟಿನೊಳಗೆ, ಮೆಟ್ಟಿಲ ಕೆಳಗಿನ ದೇವರ ದೀಪದ ಪಕ್ಕದಲ್ಲಿ ಬ್ಯಾಟರಿ ಇಟ್ಟ ಮನೆಗಳನ್ನು ಕಂಡರೆ ನನಗೆ ದಿಗಿಲಾಗುತ್ತದೆ.

ಕಂಪ್ಯೂಟರ್‌ನ ಲೋಹದ ಹಿಂಬದಿ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತದೆಯೇ? ಅದನ್ನು ಇನ್ವರ್ಟರ್ ತಲೆಗೆ ಕಟ್ಟುವವರು ಬಹಳ. ಎಸ್‌ಎಂಪಿಎಸ್‌ನ ಬಾಯಲ್ಲೇ ಎರಡು ಸಣ್ಣ ಕೆಪಾಸಿಟರ್‌ಗಳಿವೆ, ಒಂದು ಫೇಸಿನಿಂದ ಕವಚಕ್ಕೆ, ಇನ್ನೊಂದು ನ್ಯೂಟ್ರಲ್‌ನಿಂದ ಕವಚಕ್ಕೆ. ಹೊರಗೆ ಹರಡುವ ವಿದ್ಯುತ್ ಗದ್ದಲವನ್ನು ಭೂಮಿಗೆ ಇಳಿಸುವುದು ಅವುಗಳ ಕೆಲಸ. ಅರ್ತಿಂಗ್ ಇಲ್ಲದಿದ್ದರೆ ಇಳಿಯಲು ದಾರಿಯಿಲ್ಲದೆ ಕವಚ ಎರಡರ ನಡುವೆ, ಸುಮಾರು 115 ವೋಲ್ಟಿನಲ್ಲಿ ನಿಲ್ಲುತ್ತದೆ. ಹರಿಯುವ ಕರೆಂಟ್ ತೀರಾ ಅಲ್ಪ, ಆದ್ದರಿಂದ ಜುಮ್ಮೆನ್ನುವುದಷ್ಟೇ. ಆದರೆ ಒಳಗೆ ಏನಾದರೂ ಕೆಟ್ಟು ಫೇಸ್ ಕವಚಕ್ಕೆ ತಾಗಿದ ದಿನ ನಿಮ್ಮನ್ನು ಕಾಯುವವರಿಲ್ಲ ಎಂಬ ಸೂಚನೆ ಅದು. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸುವುದನ್ನು ಬಿಡಬೇಕು. ಬೇಸಿಗೆಯಲ್ಲಿ ಇದ್ದಿಲು-ಉಪ್ಪಿನ ಅರ್ತಿಂಗ್ ಗುಂಡಿಗೆ ಆಗಾಗ ಎರಡು ಕೊಡ ನೀರು ಸುರಿಯಬೇಕು.

ಜನರೇಟರ್ ಇಟ್ಟುಕೊಂಡವರಿಗೆ ಬೇರೆಯೇ ಎಚ್ಚರಿಕೆ ಬೇಕು. ಅದರ ತಂತಿಯನ್ನು ಗೋಡೆಯ ಸಾಕೆಟ್ಟಿಗೆ ಹಿಮ್ಮುಖವಾಗಿ ಚುಚ್ಚಿ ಮನೆಯೆಲ್ಲ ಬೆಳಗಿಸುವ ಉಪಾಯ ಕೊಲೆಗೆ ಸಮ. ಮೇನ್ ಸ್ವಿಚ್ ಹಾಗೇ ಬಿಟ್ಟಿದ್ದರೆ ವಿದ್ಯುತ್ ಮನೆಯಿಂದ ಕಂಬಕ್ಕೆ, ಅಲ್ಲಿಂದ ಟ್ರಾನ್ಸ್‌ಫಾರ್ಮರ್‌ಗೆ ಹೋಗಿ, ಆಚೆ ಬದಿಯಲ್ಲಿ 11,000 ವೋಲ್ಟಿನವರೆಗೂ ಏರಬಹುದು. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಆ ತುದಿಯಲ್ಲಿರುತ್ತಾರೆ. ಎರಡು ಮೂಲಗಳು ಎಂದೂ ಒಟ್ಟಿಗೆ ಸೇರಲಾರದ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಚಾಲೂ ಮಾಡಲೇಬಾರದು.

ಇಷ್ಟೆಲ್ಲ ಆಗಿಯೂ ಕರೆಂಟ್ ಹಠಾತ್ತನೆ ಹೋಗಿಯೇಬಿಟ್ಟರೆ ಯಂತ್ರದೊಳಗೆ ಏನಾಗುತ್ತದೆ? ಹಳೆಯ ಹಾರ್ಡ್ ಡಿಸ್ಕಿನ ಉತ್ತರ ನನಗೆ ತುಂಬಾ ಇಷ್ಟ. ವಿದ್ಯುತ್ ಕಡಿದ ಕ್ಷಣ, ಇನ್ನೂ ಸುತ್ತುತ್ತಿರುವ ತಟ್ಟೆಯ ಮೋಟರ್ ತಾನೇ ಜನರೇಟರ್ ಆಗುತ್ತದೆ. ಆ ಕೊನೆಯ ಸುತ್ತುಗಳ ವಿದ್ಯುತ್ತಿನಿಂದಲೇ ಓದುವ ತಲೆ ತಟ್ಟೆಯಿಂದ ಸರಿದು ಸುರಕ್ಷಿತ ಜಾಗಕ್ಕೆ ಹೋಗಿ ಕೂರುತ್ತದೆ. ಚಿಪ್‌ಗಳಲ್ಲೇ ದತ್ತಾಂಶ ಇಡುವ ಎಸ್‌ಎಸ್‌ಡಿಯಲ್ಲಿ ಸುತ್ತುವುದೇನೂ ಇಲ್ಲ. ಸರ್ವರ್‌ಗಳಿಗೆ ಮಾಡಿದವುಗಳಲ್ಲಿ ಇದಕ್ಕೆಂದೇ ಕೆಪಾಸಿಟರ್ ಇಟ್ಟಿರುತ್ತಾರೆ. ಮನೆಬಳಕೆಯ ಹೆಚ್ಚಿನವುಗಳಲ್ಲಿ ಆ ಅನುಕೂಲ ಇರುವುದಿಲ್ಲ. ಕಡತವ್ಯವಸ್ಥೆ (ಫೈಲ್ ಸಿಸ್ಟಂ) ತಾನು ಮಾಡುವ ಬದಲಾವಣೆಗಳ ದಿನಚರಿ ಬರೆದಿಟ್ಟುಕೊಂಡು ಬಹಳಷ್ಟನ್ನು ಸರಿಪಡಿಸಿಕೊಳ್ಳುತ್ತದೆ, ಆದರೆ ನೀವು ಉಳಿಸದೆ ಬಿಟ್ಟ ಪುಟಗಳು ಅದರ ಕೈಗೂ ಸಿಗುವುದಿಲ್ಲ.

ಲ್ಯಾಪ್‌ಟಾಪ್ ಇದ್ದವರಿಗೆ ಈ ಮಿಲಿಸೆಕೆಂಡಿನ ತಕರಾರೇ ಇಲ್ಲ, ಬ್ಯಾಟರಿ ಹೊಟ್ಟೆಯಲ್ಲೇ ಇದೆ. ಅವರಲ್ಲಿ ಬೀಳುವುದು ರೂಟರ್. ಆ ಟಕ್ ಶಬ್ದಕ್ಕೆ ಅದು ಒಮ್ಮೆ ನಂದಿ ಮತ್ತೆ ಸಂಪರ್ಕ ಹಿಡಿಯುವಷ್ಟರಲ್ಲಿ ಆನ್‌ಲೈನ್ ಸಭೆಯಿಂದ ನೀವು ಹೊರಬಿದ್ದಿರುತ್ತೀರಿ. ಇದಕ್ಕೆ ಅಂಗೈಯಗಲದ ಡಿಸಿ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ರೂಟರ್ ಅಡಾಪ್ಟರ್‌ನ ಮೇಲೆ 9 ವೋಲ್ಟ್ ಎಂದಿದೆಯೋ 12 ಎಂದಿದೆಯೋ, ಪಿನ್ನಿನ ಚಿತ್ರದಲ್ಲಿ ನಡುವಿನ ತುದಿ ಪ್ಲಸ್ ಹೌದೋ ಎಂದು ನೋಡಿಕೊಳ್ಳಿ. ಫೈಬರ್ ಸಂಪರ್ಕದಲ್ಲಿ ಕಂಬದ ಮೇಲೆ ಬೆಳಕನ್ನು ಹಂಚುವ ಸ್ಪ್ಲಿಟರ್‌ಗೆ ವಿದ್ಯುತ್ ಬೇಕಿಲ್ಲ. ಅದರಾಚೆ ಕೇಬಲ್‌ನವರ ಕೋಣೆಯಲ್ಲಿರುವ ಯಂತ್ರಕ್ಕೆ ಮಾತ್ರ ಬೇಕು. ಮಳೆಗಾಲಕ್ಕೆ ಮೊದಲು ಅವರ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂದು ಕೇಳಿಡುವುದು ಒಳ್ಳೆಯದು.