ಗೆದ್ದ ಪೇಟೆ, ಸವೆದ ನಂಬಿಕೆ: ಮೆಕಾಂಗ್ ಮೀನಿನ ರಫ್ತಿನ ಹಿನ್ನೆಲೆ

ಬೆಂಗಳೂರಿನ ಹೋಟೆಲುಗಳಲ್ಲಿ ‘ಬಾಸಾ’ ಎಂಬ ಹೆಸರಿನಿಂದ ಬಡಿಸುವ, ಮುಳ್ಳಿಲ್ಲದ ಬಿಳಿ ಮೀನು ಸಾಮಾನ್ಯವಾಗಿ ಪಂಗಾಸಿಯಸ್ ಬಳಗಕ್ಕೆ ಸೇರಿದ್ದು. ವಿಯೆಟ್ನಾಂನ ಮೆಕಾಂಗ್ ನದಿಯ ಮುಖಜಭೂಮಿಯಲ್ಲಿ ಸಾಕಿ ನೂರಕ್ಕೂ ಹೆಚ್ಚು ದೇಶಗಳಿಗೆ ಕಳುಹಿಸುವ ಈ ಮೀನಿನ ಸುತ್ತ ಸುಂಕ, ತಪಾಸಣೆ, ಪರಿಸರ, ಆರೋಗ್ಯದ ವಿವಾದಗಳು ಎಷ್ಟು ಹೆಣೆದುಕೊಂಡಿವೆಯೆಂದರೆ, ಯಾವುದರಿಂದ ಯಾವುದು ಹುಟ್ಟಿತೆಂದು ತಿಳಿಯುವುದೇ ಕಷ್ಟವಾಗಿದೆ.

ನದಿಯಲ್ಲಿ ಮರಿ ಹಿಡಿದು ತೇಲುವ ಮನೆಗಳ ಕೆಳಗಿನ ಪಂಜರಗಳಲ್ಲಿ ಸಾಕುವುದು ಅಲ್ಲಿನ ಹಳೆಯ ಪದ್ಧತಿ. 1990ರ ದಶಕದ ನಡುವಿನಲ್ಲಿ ಕೃತಕ ವಿಧಾನದಿಂದ ಮರಿ ಮಾಡಿಸುವುದು ಸಾಧ್ಯವಾದ ಮೇಲೆ ಎಲ್ಲವೂ ಬದಲಾಯಿತು. ಬಾಸಾದ ಹತ್ತಿರದ ಸಂಬಂಧಿಯಾದ ‘ತ್ರಾ’ ಬೇಗ ಬೆಳೆಯುತ್ತದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಆದ್ದರಿಂದ ನದಿಯಂಚಿನ ಆಳವಾದ ಕೊಳಗಳಲ್ಲಿ ಅದನ್ನು ಒತ್ತೊತ್ತಾಗಿ ಸಾಕಬಹುದು. ಅಗ್ಗದ ಮೀನು ಹುಟ್ಟಿದ್ದು ಹೀಗೆಯೇ ಹೊರತು ಕೂಲಿ ಕಡಿಮೆ ಎಂಬ ಒಂದೇ ಕಾರಣದಿಂದಲ್ಲ.

ಅಮೆರಿಕದ ಪೇಟೆ ಮೊದಲು ತೆರೆಯಿತು, ಮೊದಲು ಮುಚ್ಚಿತು. ಕ್ಯಾಟ್‌ಫಿಶ್ (ಈ ಮೀನೂ ಸೇರಿರುವ ಮೀಸೆಮೀನುಗಳ ಗುಂಪು) ಎಂಬ ಹೆಸರನ್ನು ಉತ್ತರ ಅಮೆರಿಕದ ಒಂದು ಮೀನಿನ ಕುಟುಂಬಕ್ಕಷ್ಟೇ ಮೀಸಲಿಡುವ ನಿಯಮ 2002ರ ಕೃಷಿ ಕಾನೂನಿನಲ್ಲಿ ಸೇರಿತು. 2003ರಲ್ಲಿ ಸುಮಾರು ಶೇ 37ರಿಂದ 64ರವರೆಗೆ ಆ್ಯಂಟಿ ಡಂಪಿಂಗ್ ಸುಂಕ, ಅಂದರೆ ನ್ಯಾಯವಾದ ಬೆಲೆಗಿಂತ ಕಡಿಮೆಗೆ ಮಾರುತ್ತಾರೆಂಬ ಆರೋಪದ ಮೇಲೆ ಹಾಕುವ ಸುಂಕ, ಬಿದ್ದಿತು. ವಿಯೆಟ್ನಾಂ ಬೆಲೆಗಳನ್ನು ಪೇಟೆಯೇ ನಿರ್ಧರಿಸುವ ‘ಮಾರುಕಟ್ಟೆ ಆರ್ಥಿಕತೆ’ಯ ದೇಶವಲ್ಲವೆಂದು ಪರಿಗಣಿಸಿ, ಅಲ್ಲಿನ ರೈತನ ನಿಜವಾದ ಖರ್ಚಿನ ಬದಲು ಬಾಂಗ್ಲಾದೇಶದ ಬೆಲೆಗಳನ್ನು ಆಧರಿಸಿ ಲೆಕ್ಕ ಹಾಕಲಾಗಿತ್ತು. ತನ್ನ ಕೊಳದ ಲೆಕ್ಕವೇ ಲೆಕ್ಕಕ್ಕೆ ಬಾರದಿದ್ದಾಗ ರೈತ ಎಷ್ಟು ಮಿತವ್ಯಯ ಮಾಡಿದರೂ ಸುಂಕ ಇಳಿಯುವ ಖಾತ್ರಿ ಇರುವುದಿಲ್ಲ.

ರಫ್ತುದಾರರು ಯುರೋಪಿನತ್ತ ತಿರುಗಿದರು. ‘ಕಾಡ್’ ಎಂಬ ಸಮುದ್ರದ ಬಿಳಿ ಮೀನು ದುಬಾರಿಯಾಗುತ್ತಿದ್ದ ಆ ಪೇಟೆಯಲ್ಲಿ, ವಾಸನೆ ಕಡಿಮೆಯಿರುವ ಈ ಮೀನು ಸಲೀಸಾಗಿ ಜಾಗ ಪಡೆಯಿತು. 2008ರ ಹೊತ್ತಿಗೆ ಒಟ್ಟು ರಫ್ತು 140 ಕೋಟಿ ಡಾಲರ್ ದಾಟಿತ್ತು. ಆದರೆ ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ನಿರ್ಣಾಯಕ ಘಟ್ಟ ಸುಂಕದ್ದಲ್ಲ, ಇದು. ಕೊಳ್ಳುವವರು ಪ್ರತಿ ಸಲವೂ ಇನ್ನಷ್ಟು ಕಡಿಮೆ ಬೆಲೆ ಕೇಳಿದರು, ಮಾರುವವರು ಪರಸ್ಪರ ಪೈಪೋಟಿಯಲ್ಲಿ ಒಪ್ಪಿದರು, ಉಳಿತಾಯವನ್ನು ನೀರಿನಲ್ಲಿ ಹುಡುಕಲಾಯಿತು. ಹೆಪ್ಪುಗಟ್ಟಿಸಿದ ತುಂಡು ಒಣಗದಿರಲೆಂದು ಅದರ ಮೇಲೆ ತೆಳುವಾದ ಐಸ್ ಲೇಪ ಕೊಡುವುದು ನ್ಯಾಯವಾದ ರೂಢಿಯೇ. ಆ ಲೇಪ ದಪ್ಪವಾಗುತ್ತ ಹೋಯಿತು. ನೀರು ಹಿಡಿದಿಟ್ಟುಕೊಳ್ಳುವಂತೆ ಮಾಂಸವನ್ನು ಫಾಸ್ಫೇಟ್ ದ್ರಾವಣದಲ್ಲಿ ನೆನೆಸುವುದೂ ಹೆಚ್ಚಿತು. ಪ್ಯಾಕೆಟ್ ಕರಗಿಸಿದ ಮನೆಯಾಕೆಗೆ ಬಟ್ಟಲಿನಲ್ಲಿ ಕಂಡದ್ದು ತಾನು ಮೀನಿನ ಬೆಲೆ ಕೊಟ್ಟು ತಂದ ನೀರು. ನದಿಯ ಮಾಲಿನ್ಯದ ಕುರಿತ ಟಿವಿ ವರದಿಗಳು, ಕೆಲವು ಉತ್ಪ್ರೇಕ್ಷಿತವಾಗಿದ್ದರೂ, ಇಂಥ ಗ್ರಾಹಕರನ್ನು ಬೇಗ ಮುಟ್ಟಿದವು. 2010ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ ತನ್ನ ಯುರೋಪಿನ ಗ್ರಾಹಕ ಕೈಪಿಡಿಗಳಲ್ಲಿ ಈ ಮೀನನ್ನು ‘ಕೊಳ್ಳಬೇಡಿ’ ಎಂಬ ಕೆಂಪು ಪಟ್ಟಿಗೆ ಸೇರಿಸಿ, ವಿಯೆಟ್ನಾಂ ಪ್ರತಿಭಟಿಸಿದ ಮೇಲೆ ಹಿಂತೆಗೆದುಕೊಂಡು, ಸುಧಾರಣೆಯ ಒಪ್ಪಂದ ಮಾಡಿಕೊಂಡಿತು. 2012ರಿಂದ ಎಎಸ್‌ಸಿ (ಹೊಣೆಗಾರಿಕೆಯ ಮೀನು ಸಾಕಣೆಗೆ ಮಾನದಂಡ ನಿಗದಿಪಡಿಸುವ ಸಂಸ್ಥೆ) ಪ್ರಮಾಣಪತ್ರ ಪಡೆದ ಕೊಳಗಳು ಬಂದವು. 2014ರಲ್ಲಿ ವಿಯೆಟ್ನಾಂ ಸರ್ಕಾರ ಐಸ್ ಲೇಪಕ್ಕೆ ಶೇ 10, ತೇವಾಂಶಕ್ಕೆ ಶೇ 83ರ ಮಿತಿ ವಿಧಿಸಿತು. ಉದ್ಯಮದ ಆಕ್ಷೇಪದಿಂದ ತೇವಾಂಶದ ಮಿತಿಯ ಜಾರಿ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಯುರೋಪಿನ ಬೇಡಿಕೆ ಕುಗ್ಗಿತ್ತು.

ಅಮೆರಿಕದಲ್ಲಿ ಈ ಮೀನಿನ ತಪಾಸಣೆಯ ಹೊಣೆ 2016ರಲ್ಲಿ ಕೃಷಿ ಇಲಾಖೆಗೆ ವರ್ಗವಾಯಿತು. ಆ ಇಲಾಖೆಯ ಬಿಗಿ ನಿಯಮಗಳಿಂದ ರಫ್ತು ಅಲ್ಲಿಗೇ ನಿಲ್ಲುತ್ತದೆಂಬ ಭೀತಿಯಿತ್ತು. ಆದರೆ 2019ರಲ್ಲಿ ವಿಯೆಟ್ನಾಂನ ತಪಾಸಣಾ ವ್ಯವಸ್ಥೆ ತನ್ನದಕ್ಕೆ ಸಮಾನವೆಂದು ಅಮೆರಿಕವೇ ಒಪ್ಪಿತು. ಅಷ್ಟು ಹೊತ್ತಿಗೆ ಚೀನಾ ಅತಿದೊಡ್ಡ ಗಿರಾಕಿಯಾಗಿತ್ತು.

ಇದೇ ಮೀನು 1990ರ ದಶಕದಲ್ಲಿ ಬಾಂಗ್ಲಾದೇಶದ ಮೂಲಕ ಪಶ್ಚಿಮ ಬಂಗಾಳಕ್ಕೂ, ಅಲ್ಲಿಂದ ಆಂಧ್ರದ ಕೊಳಗಳಿಗೂ ಬಂದಿತು. ಅದು ಬಹುಪಾಲು ಇಡಿಯಾಗಿಯೇ, ಐಸ್ ಹಾಕಿದ ಪೆಟ್ಟಿಗೆಗಳಲ್ಲಿ, ಲಾರಿಯೇರಿ ಒಳನಾಡಿನ ಪೇಟೆಗಳಿಗೆ ಹೋಗುತ್ತದೆ. ಮೆಕಾಂಗ್ ದಡದಲ್ಲಿ ದೋಣಿಯಲ್ಲಿ ಜೀವಂತ ಬಂದ ಮೀನನ್ನು ಸಂಸ್ಕರಣಾ ಘಟಕದಲ್ಲಿ ಕೂಡಲೇ ಸೀಳಿ, ಪ್ರಯೋಗಾಲಯದಲ್ಲಿ ಔಷಧದ ಅಂಶ ಪರೀಕ್ಷಿಸಿ ಹಡಗೇರಿಸುವ ಏರ್ಪಾಡು ರೂಪುಗೊಂಡಿದೆ. ವಿದೇಶಿ ಪೇಟೆಯತ್ತ ನೋಡುವ ನಮ್ಮ ಸಾಕಣೆದಾರರಿಗೆ ಇನ್ನಷ್ಟು ಕೊಳಗಳಿಗಿಂತ ಮೊದಲು ಬೇಕಾಗಿರುವುದು ಆ ಏರ್ಪಾಡು.